ಮೂಗು ಒರೆಸಬಾರದು

6 ಮಾರ್ಚ್ 1978, ಸೋಮವಾರ

ಗಣಿಯ ಡಾಕ್ಟರು ಇವತ್ತು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ ನೋಡಿದರು. ರಕ್ತದೊತ್ತಡ ಏರಿದೆ, ಬೈಯುವುದನ್ನು ಕಡಿಮೆ ಮಾಡಿ ಎಂದರು. ಬೈಯದೆ ಒಳಗಿಟ್ಟುಕೊಂಡರೆ ಇನ್ನೂ ಏರುತ್ತದೆ ಸ್ವಾಮಿ ಎಂದೆ. ಹಾಗಾದರೆ ಬೈಗುಳವನ್ನೆಲ್ಲ ಬರೆದು ಹಾಕಿ, ಬಾಯಿಗೆ ತರಬೇಡಿ ಎಂದು ಯಾವುದೋ ಔಷಧಿ ಕಂಪನಿಯ ಡೈರಿಯನ್ನು ಕೈಗಿಟ್ಟರು. ಎರಡು ತಿಂಗಳ ಹಾಳೆ ಆಗಲೇ ದಂಡವಾಗಿದೆ.

ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರ ಕೋಲು ಮುರಿದು ಬೇಲಿಯಾಚೆ ಎಸೆದು ಬಂದವನು ನಾನು, ಮತ್ತೆ ಆ ಕಡೆ ಹೋಗಲಿಲ್ಲ. ಆದರೂ ಅಕ್ಷರ ಕೈಬಿಟ್ಟಿಲ್ಲ. ವಯಸ್ಸೆಲ್ಲ ಈ ಕರೇಕಲ್ಲು ತಾಮ್ರದ ಗಣಿಯ ಕೆಳಗೆ ಕಳೆದೆ. ಮಂಡಿ ಕೈಕೊಟ್ಟಾಗ ಮೇಲಕ್ಕೆ ತಂದು ದೀಪದ ಕೋಣೆಗೆ ಹಾಕಿದ್ದಾರೆ. ಕೆಳಗಿಳಿಯುವವರಿಗೆ ತಲೆದೀಪ ಕೊಡುವುದು, ಬಂದ ಮೇಲೆ ವಾಪಸ್ ತೆಗೆದುಕೊಂಡು ಚಾರ್ಜಿಗೆ ಹಾಕುವುದು. ಹೆಂಗಸರ ಕೆಲಸ. ಇದು ಮೊದಲನೇ ಬೈಗುಳ, ಮ್ಯಾನೇಜರಿಗೆ ಸಲ್ಲತಕ್ಕದ್ದು.

9 ಮಾರ್ಚ್

ಪರದೇಶದಿಂದ ಒಂದು ಪೆಟ್ಟಿಗೆ ಬಂದಿದೆ. ಟಿಫನ್ ಡಬ್ಬಿಯಷ್ಟು ದಪ್ಪ, ಮೇಲೊಂದು ಮುಳ್ಳು. ಹಳೆ ಸುರಂಗಗಳಲ್ಲಿ ಗಾಳಿ ಸತ್ತಿರುತ್ತದೆ. ಒಳಗೆ ಹೋದವನು ಕೂತಲ್ಲೇ ನಿದ್ದೆ ಹೋದಂತೆ ಹೋಗಿಬಿಡುತ್ತಾನೆ. ಇಷ್ಟು ದಿನ ಮೇಣದ ಬತ್ತಿ ಹಿಡಿದು ಹೋಗುತ್ತಿದ್ದೆವು, ಬತ್ತಿ ಮಂಕಾದರೆ ಹಿಂದಕ್ಕೆ ಓಡುತ್ತಿದ್ದೆವು. ಇನ್ನು ಈ ಪೆಟ್ಟಿಗೆಯಂತೆ. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೆ ಮುಳ್ಳು ಹಸಿರಿನಿಂದ ಕೆಂಪಿಗೆ ಬರುತ್ತದಂತೆ.

ಹೇಳಿಕೊಟ್ಟದ್ದು ಲ್ಯಾಬೊರೇಟರಿಯ ಏಕಾಂತಮ್ಮ. ತಾಳ್ಯದ ಕಡೆ ಹುಡುಗಿ, ಬಿ.ಎಸ್ಸಿ. ಮಾಡಿದ್ದಾಳೆ. ಪೆಟ್ಟಿಗೆಯ ಮುಂದೆ ಟಾರ್ಚಿನ ಸೆಲ್ಲಿನಂಥ ಒಂದು ಗುಂಡು ಡಬ್ಬಿ ಕೂತಿದೆ, ಅದರ ಹೆಸರೂ ಸೆಲ್ಲೇ, ಅದೇ ಗಾಳಿಯನ್ನು ಹಿಡಿಯುವುದು ಎಂದಳು. ಹಂಗಾದ್ರೆ ಅದು ಮೂಗು ಅನ್ನಮ್ಮ ಎಂದೆ. ಎಲ್ಲರೂ ನಕ್ಕರು. ಸಂಜೆಯ ಹೊತ್ತಿಗೆ ಗಣಿಗಿಳಿಯುವ ಶಾಫ್ಟಿನ ತಳದವರೆಗೂ ಅದರ ಹೆಸರು ಮೂಗು ಎಂದೇ ಆಗಿತ್ತು.

ಅವಳೊಬ್ಬಳು ನಗಲಿಲ್ಲ. ಒಳಗೆ ಸೀಸದ ತಗಡೂ ಕ್ಷಾರದ ನೀರೂ ಇದೆ, ಬಿಸಿಲಿಗಿಟ್ಟರೆ, ಬೀಳಿಸಿದರೆ ಬಿರುಕು ಬಿಟ್ಟು ಜಿನುಗುತ್ತದೆ, ಜಿನುಗಿದ ಪೆಟ್ಟಿಗೆ ಕೆಳಗೆ ಹೋಗಕೂಡದು, ರಬ್ಬರ್ ಗ್ಲೌಸ್ ಹಾಕಿಕೊಂಡು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತನಗೆ ಕಳಿಸಬೇಕು ಎಂದಳು. ದೀಪದ ಬ್ಯಾಟರಿಯ ಆಸಿಡ್ ಕಂಡವನಿಗೆ ಇದೇನು ಮಹಾ ಎಂದೆ. ಆಸಿಡ್ಡಾದರೆ ಮುಟ್ಟಿದ ಕೂಡಲೇ ಚುರ್ ಎನ್ನುತ್ತದೆ, ಇದು ಮೊದಲು ಸೋಪಿನ ಹಾಗೆ ಜಾರುತ್ತದೆ ಅಷ್ಟೆ, ಉರಿ ಗೊತ್ತಾಗುವ ಹೊತ್ತಿಗೆ ಒಳಗೆ ತಿಂದಿರುತ್ತದೆ ಎಂದಳು. ಮೈಗೆ ಬಿದ್ದರೆ ನೀರು, ಬರೀ ನೀರು, ನಿಲ್ಲಿಸದೆ ನೀರು.

ಸುಟ್ಟದ್ದಕ್ಕೆ ನೀರು ಸೋಕಿಸಿದರೆ ಬೊಬ್ಬೆ ಏಳುತ್ತದೆ, ಹುಟ್ಟಿದ ಕೂಸಿಗೂ ಗೊತ್ತು, ಹರಳೆಣ್ಣೆ ಹಚ್ಚಬೇಕು ಎಂದೆ.

"ಎಣ್ಣೆ ಹಚ್ಚಿದ್ರೆ ಅದು ಒಳಗೇ ಕುಂತ್ಕಂಡು ತಿಂತೈತೆ ಜುಂಜಣ್ಣಾರೆ" ಎಂದಳು.

ನನ್ನ ಮೊಮ್ಮಗಳ ವಯಸ್ಸು. ನನಗೆ ಎಣ್ಣೆ ನೀರಿನ ಪಾಠ.

12 ಮಾರ್ಚ್, ಭಾನುವಾರ

ರಜೆ. ಇವತ್ತು ಯಾರಿಗೂ ಬೈಯಲಿಲ್ಲ, ಹೊನ್ನಕ್ಕನನ್ನು ಬಿಟ್ಟು. ಹೆಂಡತಿ ಲೆಕ್ಕಕ್ಕಿಲ್ಲ ಎಂದು ಡಾಕ್ಟರು ಹೇಳಿಲ್ಲ, ಕೇಳಬೇಕು.

15 ಮಾರ್ಚ್

ದೀಪದ ಕೋಣೆಯಲ್ಲಿ ಒಂದು ಡ್ರಮ್ ಇಟ್ಟಿದ್ದಾರೆ. ಕೆಳಗೆ ನಲ್ಲಿ, ಮೇಲೆ ಮುಚ್ಚಳ, ಒಳಗೆ ಕುಡಿಯುವ ನೀರು. ಕುಡಿಯಲಿಕ್ಕಲ್ಲ! ಮೈಮೇಲೆ ಆ ಕ್ಷಾರ ಬಿದ್ದರೆ ಬೇಕು ಎಂದು. ಇಂಥ ಬಿಸಿಲಲ್ಲಿ, ಕಾಲೋನಿಯ ಹೆಂಗಸರು ನಲ್ಲಿ ಮುಂದೆ ಜುಟ್ಟು ಹಿಡಿದು ಹೊಡೆದಾಡುವಾಗ, ಇಲ್ಲಿ ನೀರು ಸುಮ್ಮನೆ ಕೂತಿದೆ, ದೇವರ ಹಾಗೆ.

ಹೊನ್ನಕ್ಕ ಎರಡು ಬಿಂದಿಗೆ ತಂದಳು. ಹಿಡಿದುಕೋ ಎಂದೆ. ಒಂದು ಬಿಂದಿಗೆ ತುಂಬುವಷ್ಟರಲ್ಲಿ ಏಕಾಂತಮ್ಮ ಬಂದಳು. ಹೊನ್ನಕ್ಕನಿಗೆ ಏನೂ ಅನ್ನಲಿಲ್ಲ. ಬಿಂದಿಗೆಯನ್ನು ತಾನೇ ಎತ್ತಿ ಅವಳ ಸೊಂಟಕ್ಕಿಟ್ಟು, ನೀರು ಬೇಕಾದರೆ ಲ್ಯಾಬೊರೇಟರಿಗೆ ಬರ್ರಿ, ಇದೊಂದನ್ನು ಮಾತ್ರ ಬಿಡ್ರಿ ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಹೊನ್ನಕ್ಕ ದಾರಿಯುದ್ದಕ್ಕೂ ಆ ಹುಡುಗಿಯನ್ನು ಹೊಗಳಿದಳು.

ಇವತ್ತಿನಿಂದ ಡ್ರಮ್ಮಿಗೆ ನಾನೇ ಕಾವಲು. ಅವಳು ಹೇಳಿದಳು ಅಂತಲ್ಲ. ಮತ್ತೊಬ್ಬರ ಮುಂದೆ ಸಿಕ್ಕಿಬಿದ್ದವನ ಹಾಗೆ ನಿಲ್ಲಬಾರದು ಅಂತ.

21 ಮಾರ್ಚ್

ಪೆಟ್ಟಿಗೆ ಹಿಡಿಯಲು ಕಾಟಯ್ಯನನ್ನು ಆರಿಸಿದ್ದಾರೆ. ಹಿರಿಯೂರು ಕಡೆಯವನು, ಅವರಪ್ಪನ ಕಾಲದವರೆಗೆ ಕುರಿ ಕಾದವರು. ನಾನೂ ಅವನೂ ಒಂದೇ ದಿನ ಗಣಿಗೆ ಸೇರಿದೆವು. ಅಂದಿನಿಂದ ಒಳ್ಳೆಯ ಮಾತಾಡಿದ್ದು ನೆನಪಿಲ್ಲ. ಹಳೆ ಸುರಂಗದ ಗಾಳಿಯನ್ನು ಮೂಸಿಯೇ ಹೇಳುತ್ತೇನೆ ಎನ್ನುತ್ತಾನೆ. ಹೇಳುವುದು ತಪ್ಪಿದ್ದರೆ ಹೇಳಲು ಅವನಿರುತ್ತಿರಲಿಲ್ಲ, ಅಷ್ಟನ್ನು ಒಪ್ಪಬೇಕು.

ಇವತ್ತು ಒಂದು ಕೈಯಲ್ಲಿ ಬತ್ತಿ, ಇನ್ನೊಂದರಲ್ಲಿ ಪೆಟ್ಟಿಗೆ ಹಿಡಿದು ಹೋದ. ಬತ್ತಿ ಇನ್ನೂ ಚೆನ್ನಾಗಿ ಉರಿಯುವಾಗಲೇ ಮುಳ್ಳು ಇಳಿಯಲು ಶುರುವಾಯಿತಂತೆ. ಮೇಲೆ ಬಂದು, ನಿನಗಿಂತ ಈ ಮೂಗು ಚುರುಕು ಕಣಲೇ ಜುಂಜ ಎಂದ. ನಿನ್ನ ಮೂಗಿಗಿಂತ ನೋಡಲು ಚೆಂದವೂ ಇದೆ ಎಂದೆ.

29 ಮಾರ್ಚ್

ನಿನ್ನೆ ಬರೆಯಲಾಗಲಿಲ್ಲ.

ನಿನ್ನೆ ಬೆಳಿಗ್ಗೆ ಪೆಟ್ಟಿಗೆ ಕೊಡುವಾಗ ಆ ಗುಂಡು ಡಬ್ಬಿಯ ಅಂಚಿನಲ್ಲಿ ಪಸೆ ಕಂಡಿತು. ಹಿಂದಿನ ದಿನ ಯಾರೋ ಅದನ್ನು ಬಿಸಿಲಲ್ಲಿ ಕಟ್ಟೆಯ ಮೇಲೆ ಬಿಟ್ಟಿದ್ದರು. ಏಕಾಂತಮ್ಮ ಊರಿಗೆ ಹೋಗಿದ್ದಳು. ಕಾಟಯ್ಯನಿಗೆ ನಾನೇ ಹೇಳಿದೆ:

"ನಿನ್ನ ಮೂಗು ಸೋರ್ತೈತೆ ನೋಡಲೇ, ಒರೆಸ್ಕ."

ಅವನು ನಗುತ್ತ ಹೆಗಲ ಮೇಲಿನ ಟವೆಲಿನ ತುದಿಯಿಂದ ಮಗುವಿಗೆ ಒರೆಸುವ ಹಾಗೆ ಒರೆಸಿದ. ನಾನೂ ನಕ್ಕೆ. ಅವನು ಇಳಿದು ಹೋದ.

ಕೆಳಗೆ ಬೆವರು. ಅದೇ ಟವೆಲಿನಲ್ಲಿ ಮುಖ ಒರೆಸಿಕೊಂಡಿದ್ದಾನೆ. ಮೇಲೆ ಬಂದಾಗ ಬಲಗಣ್ಣಿಗೆ ಧೂಳು ಬಿದ್ದಿದೆ ಎಂದು ಉಜ್ಜುತ್ತಿದ್ದ. ಕಣ್ಣು ಕೆಂಡದಂತಾಗಿತ್ತು. ತೋರಿಸು ಎಂದು ಅವನ ಟವೆಲ್ ಹಿಡಿದೆ. ಬೆರಳ ನಡುವೆ ಜಾರಿತು. ಸೋಪು ಹಾಕಿ ತೊಳೆಯದೆ ಬಿಟ್ಟ ಬಟ್ಟೆಯ ಹಾಗೆ ಜಾರಿತು.

ಆಗ ಗೊತ್ತಾಯಿತು.

ಕತ್ತಿನ ಹಿಂದೆ ಕೈಹಾಕಿ ಎಳೆದುಕೊಂಡು ಹೋಗಿ ಡ್ರಮ್ಮಿನ ನಲ್ಲಿ ಕೆಳಗೆ ಅವನ ತಲೆ ಹಿಡಿದೆ. ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ ನೀರು ಬಿಟ್ಟೆ. ನನ್ನ ವಂಶವನ್ನೆಲ್ಲ ಜಾಲಾಡಿದ. ಬಿಡಲಿಲ್ಲ. ಅವನ ಹೆಂಡತಿ ದುರುಗಕ್ಕ ಅದಿರು ಆರಿಸುವ ಕಡೆಯಿಂದ ಓಡಿ ಬಂದಳು. ಕಣ್ಣು ಸುಟ್ಟಿದೆ ಎಂದು ಯಾರೋ ಕೂಗಿದ್ದರು. ಕೈಯಲ್ಲಿ ಹರಳೆಣ್ಣೆಯ ಬಟ್ಟಲು. ಇನ್ನಾರೋ ಬಾಣಂತಿಯ ಎದೆಹಾಲು ತರಲು ಓಡಿದರು.

"ಸುಟ್ಟ ಕಣ್ಣಿಗೆ ನೀರು ಬಿಟ್ಟು ಹುಣ್ಣು ಮಾಡ್ತೀಯೇನಣ್ಣ, ನಿನ್ ಕಾಲಿಗ್ ಬೀಳ್ತೀನಿ, ಬಿಡು" ಎಂದು ನನ್ನ ಕೈ ಜಗ್ಗಿದಳು.

ನಾನು ಆಡಬೇಕಾದ ಮಾತನ್ನೇ ಅವಳು ಆಡುತ್ತಿದ್ದಳು. ನನ್ನವ್ವನೂ ಅದನ್ನೇ ಆಡುತ್ತಿದ್ದಳು. ಆ ಹುಡುಗಿ ಹೇಳಿದ್ದು ಸುಳ್ಳಾಗಿದ್ದರೆ ನನ್ನ ಕೈಯಾರೆ ಅವನ ಕಣ್ಣು ಕಳೆಯುತ್ತಿದ್ದೆ. ನಿಜವಾಗಿದ್ದರೆ ಅದನ್ನು ಆಗಲೇ ಕಳೆದದ್ದು, ಒರೆಸ್ಕ ಎಂದ ನನ್ನ ಬಾಯಿ. ಮೊಣಕೈಯಿಂದ ಬಟ್ಟಲು ತಳ್ಳಿದೆ. ಎಣ್ಣೆ ನೆಲಕ್ಕೆ ಹೋಯಿತು.

ಜೀಪು ಬಂದಾಗ ಡ್ರಮ್ ಮುಕ್ಕಾಲು ಬರಿದಾಗಿತ್ತು. ದುರ್ಗದ ದೊಡ್ಡಾಸ್ಪತ್ರೆ ಮುಟ್ಟುವವರೆಗೂ ಕ್ಯಾಂಟೀನಿನ ಕೆಟ್ಲಿನಿಂದ ನೀರು ಬಿಡುತ್ತ ಹೋದೆ. ಅಲ್ಲಿ ಕಣ್ಣಿನ ಡಾಕ್ಟರು ಕ್ಷಾರ ಇನ್ನೂ ಉಳಿದಿದೆಯೇ ಎಂದು ಒಂದು ಕಾಗದದ ಚೂರನ್ನು ಕಣ್ಣಂಚಿಗೆ ಮುಟ್ಟಿಸಿ ಬಣ್ಣ ನೋಡಿದರು. ಆಮೇಲೆ ಅವರೂ ನೀರನ್ನೇ ಬಿಟ್ಟರು, ಬಾಟಲಿಯಿಂದ, ಬಹಳ ಹೊತ್ತು. ಕಣ್ಣು ಉಳಿಯುತ್ತದಾ ಎಂದು ಕೇಳಿದೆ. ಈಗಲೇ ಹೇಳಲಾಗುವುದಿಲ್ಲ ಎಂದರು.

30 ಮಾರ್ಚ್

ಕಾಟಯ್ಯನ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಕಣ್ಣು ಸರಿಹೋಗದಿದ್ದರೆ ಕೆಳಗಿಳಿಸುವುದಿಲ್ಲ ಎಂದು ಮ್ಯಾನೇಜರು. ಮೇಲೆ ಕೊಡಲು ಬೇರೆ ಕೆಲಸವಿಲ್ಲವಂತೆ. ದುರುಗಕ್ಕ ನನ್ನನ್ನು ಕಂಡು ಮುಖ ತಿರುಗಿಸಿದಳು.

31 ಮಾರ್ಚ್

ಏಕಾಂತಮ್ಮ ಬಂದಳು. ನಾನೇ ಎದುರು ಹೋಗಿ ನಡೆದದ್ದನ್ನು ಹೇಳಿದೆ, ಮೂಗಿನ ಮಾತನ್ನೂ ಬಿಡದೆ. ಬೈಯಲಿ ಎಂದು ಕಾದೆ. ಆ ಸೆಲ್ಲನ್ನೂ ಟವೆಲನ್ನೂ ಚೀಲಕ್ಕೆ ಹಾಕಿಟ್ಟಿದ್ದೀರಾ ಎಂದಳು. ಇಟ್ಟಿದ್ದೆ. ನಿಮ್ಮ ಬೆರಳು ತೊಳೆದುಕೊಂಡಿರಾ ಎಂದಳು. ಅದನ್ನು ಯಾರೂ ಕೇಳಿರಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಸೆಲ್ ಅಂದ್ರೆ ಯಾರಿಗೂ ಏನೂ ತೋಚಲ್ಲ ಜುಂಜಣ್ಣಾರೆ. ಮೂಗು ಅಂದ್ರಿ, ಎಲ್ಲರಿಗೂ ತೋಚ್ತು. ಒರೆಸ್ಬೇಕು ಅಂತ ತೋಚ್ತು."

ಬೈದಿದ್ದರೆ ಚೆನ್ನಾಗಿತ್ತು.

2 ಏಪ್ರಿಲ್, ಭಾನುವಾರ

ಆಸ್ಪತ್ರೆಗೆ ಹೋದೆ. ಕಾಟಯ್ಯ ಮಲಗಿದ್ದ. ದುರುಗಕ್ಕ ವರಾಂಡದಲ್ಲಿ ಕೂತಿದ್ದಳು. ದೂರ ಹೋಗಿ ಕುಳಿತೆ. ಕೊನೆಗೆ ಅವಳೇ, ಆ ಪೆಟ್ಟಿಗೆಯಲ್ಲಿ ಅಂಥಾದ್ದು ಏನಿತ್ತು ಎಂದಳು. ಏಕಾಂತಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಕ್ಷಾರ ಎಂದೆ, ಸುಡುತ್ತದೆ ಎಂದೆ. ಅವಳಿಗೆ ಹತ್ತಲಿಲ್ಲ. ನೋಡಲು ನೀರಿನ ಹಾಗೆ, ಜಿನುಗುತ್ತದೆ, ಮುಟ್ಟಿದ ಕೂಡಲೇ ಉರಿಯುವುದಿಲ್ಲ, ಆದರೆ ಕಣ್ಣಿಗೆ ಬಿದ್ದರೆ ಕಣ್ಣು ತೆಗೆಯುತ್ತದೆ ಎಂದೆ.

"ಕಳ್ಳಿ ಹಾಲು ಅನ್ನು" ಎಂದಳು. "ಆ ಒಂದ್ ಮಾತು ಅಂದಿದ್ರೆ ಅವ್ನು ಮುಟ್ತಿದ್ನಾ? ಕಳ್ಳಿ ಬೇಲಿ ಮಗ್ಗುಲಲ್ಲೇ ಹುಟ್ಟಿ ಬೆಳೆದೋನು. ಮರಿ ನುಗ್ಗಿ ಕಳ್ಳಿ ಮುರಿದ್ರೆ, ಅದ್ನ ಹೊರಗೆಳೆದ ಕೈ ಮುಖಕ್ಕೆ ತರೋದಿಲ್ಲ ನಾವು."

ಹೌದಲ್ಲ ಎನಿಸಿತು. ಕಳ್ಳಿ ಹಾಲನ್ನು ಟವೆಲಿನಲ್ಲಿ ಒರೆಸಿ ಹೆಗಲಿಗೆ ಹಾಕಿಕೊಳ್ಳುವವನು ಈ ಸೀಮೆಯಲ್ಲಿಲ್ಲ. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ.

"ತೊಳೀತೀವಿ. ಇನ್ನೇನ್ ಮಾಡ್ತಾರೆ, ಓಡಿ ಹೋಗಿ ನೀರಲ್ಲಿ..."

ನನ್ನ ಮುಖ ನೋಡಿದಳು. ಸೆರಗನ್ನು ಬಾಯಿಗೆ ಹಿಡಿದಳು.

ಸುಟ್ಟಿದೆ ಎಂದು ಕೂಗಿದ್ದಕ್ಕೆ ಎಣ್ಣೆ ತಂದಳು. ಕಳ್ಳಿ ಹಾಲು ಬಿದ್ದಿದೆ ಎಂದು ಕೂಗಿದ್ದರೆ ನೀರಿನ ಕೊಡವನ್ನೇ ಹೊತ್ತು ತರುತ್ತಿದ್ದಳು. ಒಂದು ಟೀ ತಂದುಕೊಟ್ಟೆ. ಕುಡಿದಳು.

3 ಏಪ್ರಿಲ್

ಬೆಳಿಗ್ಗೆಯೇ ಲ್ಯಾಬೊರೇಟರಿಗೆ ಹೋಗಿ ಹೆಸರು ಬದಲಾಯಿಸಬೇಕು ತಾಯಿ ಎಂದೆ. ದುರುಗಕ್ಕನ ಮಾತು ಹೇಳಿದೆ. ಏಕಾಂತಮ್ಮ ಪೆನ್ನು ಕೆಳಗಿಟ್ಟಳು. ಅವರಜ್ಜಿ ಕಳ್ಳಿ ಸಾಲಿನ ಪಕ್ಕ ನಡೆಯುವಾಗ ಮಕ್ಕಳ ಕೈ ಹಿಂದಕ್ಕೆ ಕಟ್ಟಿಸುತ್ತಿದ್ದರಂತೆ. ಇಷ್ಟು ಓದಿದೆ, ನನಗ್ಯಾಕೆ ಇದು ಹೊಳೆಯಲಿಲ್ಲ ಎಂದಳು. ನಾನು ಓದಲೂ ಇಲ್ಲ, ನನಗೂ ಹೊಳೆಯಲಿಲ್ಲ ಎಂದೆ. ಮೊದಲ ಸಲ ನಕ್ಕಳು.

ಪಾಳಿ ಬದಲಾಗುವ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿದೆ. ಇನ್ನು ಮೇಲೆ ಮೂಗು ಅಂದವನಿಗೆ ದೀಪವಿಲ್ಲ. ಇದು ಕಳ್ಳಿ. ಪಸೆ ಕಂಡರೆ ಕಳ್ಳಿ ಒಡೆದಿದೆ ಎನ್ನಬೇಕು, ಮುಟ್ಟಬಾರದು, ನನ್ನನ್ನು ಕರೆಯಬೇಕು. ಅದಿರಿನ ಗಾಡಿ ತಳ್ಳುವ ಟ್ರಾಮರ್ ಬೋರಣ್ಣ, ಕಳ್ಳಿಯನ್ನು ಹಿಡಿದುಕೊಂಡು ಹೋಗುವುದು ಹೇಗಜ್ಜ ಎಂದು ತಮಾಷೆ ಮಾಡಿದ. ಹುಷಾರಾಗಿ ಕಣಪ್ಪ, ಎಂದೆ. ಎಲ್ಲರೂ ನನ್ನನ್ನೇ ನೋಡಿದರು. ಯಾಕೋ.

9 ಏಪ್ರಿಲ್

ನಿನ್ನೆ ಯುಗಾದಿ. ಇವತ್ತು ಸಂಜೆ ಹೊನ್ನಕ್ಕ ಹೋಳಿಗೆ ಕಟ್ಟಿಕೊಂಡು ನನ್ನ ಜೊತೆ ಆಸ್ಪತ್ರೆಗೆ ಬಂದಳು. ಚಂದ್ರನನ್ನು ನೋಡಬೇಕೆಂದು ರೋಗಿಗಳೆಲ್ಲ ವರಾಂಡಕ್ಕೆ ಬಂದು ನಿಂತಿದ್ದರು. ಬಟ್ಟೆಯ ಎಳೆಯಷ್ಟು ಚಂದ್ರ. ಕಾಟಯ್ಯ ಒಂದೇ ಕಣ್ಣಲ್ಲಿ ನೋಡಿ ಕೈಮುಗಿದ.

"ಅರ್ಧ ನೋಡೀನಿ. ಉಳಿದರ್ಧ ಈ ಕಣ್ಣಿಗೆ ಮೀಸಲು" ಎಂದ.

ಪದ್ಧತಿಯಂತೆ ದುರುಗಕ್ಕ ಹಿರಿಯರ ಕಾಲಿಗೆ ನಮಸ್ಕಾರ ಮಾಡುತ್ತ ಬಂದಳು. ನನ್ನ ಕಾಲನ್ನೂ ಮುಟ್ಟಿದಳು. ನಾನು ಬಗ್ಗಿ ಹೋಳಿಗೆಯ ಗಂಟು ಬಿಚ್ಚತೊಡಗಿದೆ. ಹೊನ್ನಕ್ಕನೇ ಹರಸಿದಳು.

13 ಏಪ್ರಿಲ್

ಬೋರಣ್ಣ ಬಂದು, ಒಡೆದ ಕಳ್ಳಿಯೊಳಗೆ ಸೀಸ ಇದೆಯಂತಲ್ಲ, ಕೊಡಿ ಎಂದು ಕೇಳಿದ. ಭೀಮಸಮುದ್ರದ ಕೆರೆಯಲ್ಲಿ ಬಲೆ ಹಾಕುವ ಅವನ ಭಾವನಿಗೆ ಬಲೆಗುಂಡು ಮಾಡಲು ಬೇಕಂತೆ. ಅದನ್ನು ಒಲೆಯ ಮೇಲೆ ಕರಗಿಸಿದರೆ ಹೊಗೆ ಮನೆಮಂದಿಗೆಲ್ಲ ಹೋಗುತ್ತದೆ, ಮಕ್ಕಳ ಹೊಟ್ಟೆಗೂ ಸೇರುತ್ತದೆ, ಅದಕ್ಕೇ ಏಕಾಂತಮ್ಮ ಚೀಲ ಕಟ್ಟಿ ಬೀಗ ಹಾಕಿ ವಾಪಸ್ ಕಳಿಸುವುದು ಎಂದು ಕೂರಿಸಿಕೊಂಡು ಹೇಳಿದೆ. ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಹೇಳಿದೆ. ಗುಂಡುಕಲ್ಲು ಕಟ್ಟಲು ಹೇಳು ನಿನ್ನ ಭಾವನಿಗೆ, ಅವರಜ್ಜ ಅದನ್ನೇ ಕಟ್ಟುತ್ತಿದ್ದ ಎಂದೆ. ಹೋದ.

17 ಏಪ್ರಿಲ್

ಕಾಟಯ್ಯನ ಪಟ್ಟಿ ಬಿಚ್ಚಿದರು. ಡಾಕ್ಟರು ಏನು ಕಾಣುತ್ತದೆ ಎಂದರು.

"ಮಂಜಿನಾಗೆ ಒಂದು ಕೋಣ ನಿಂತಂಗೈತೆ" ಎಂದ, ನನ್ನ ಕಡೆ ಕೈ ತೋರಿಸಿ.

ಬಿಳಿಗುಡ್ಡೆ ಇನ್ನೂ ಕೆಂಪಿದೆ. ಮಬ್ಬು ಹೋಗಬಹುದು, ಪೂರ್ತಿ ಹೋಗದೆಯೂ ಇರಬಹುದು. ಔಷಧಿ ಬಿಡುತ್ತಿರಬೇಕು. ನೀರು ಬಿಡುವುದು ಇನ್ನಷ್ಟು ತಡವಾಗಿದ್ದರೆ ತಾವು ಮಾಡುವಂಥದ್ದೇನೂ ಉಳಿದಿರುತ್ತಿರಲಿಲ್ಲ ಎಂದು ಡಾಕ್ಟರು ದುರುಗಕ್ಕನಿಗೆ ಹೇಳಿದರು. ನಾನು ಗೋಡೆಯ ಕಡೆ ನೋಡುತ್ತಿದ್ದೆ. ಸುಣ್ಣ ಚೆನ್ನಾಗಿ ಬಳಿದಿದ್ದಾರೆ.

26 ಏಪ್ರಿಲ್

ಇವತ್ತು ಮತ್ತೊಂದು ಕಳ್ಳಿ ಒಡೆದಿತ್ತು. ಬೋರಣ್ಣನೇ ಕಂಡು, ಮುಟ್ಟದೆ, ಮೂರು ಜನರನ್ನು ಆಚೆ ನಿಲ್ಲಿಸಿ ನನ್ನನ್ನು ಕೂಗಿದ. ಗ್ಲೌಸ್ ಹಾಕಿಕೊಂಡು ಚೀಲ ಕಟ್ಟಿದೆ, ಇಟ್ಟಿದ್ದ ಜಾಗವನ್ನೂ ತೊಳೆದೆ. ಹಳೆ ಸುರಂಗದ ಕೆಲಸ ನಿಂತಿತು. ಮ್ಯಾನೇಜರು ಬಂದು ಬತ್ತಿ ಹಿಡಿದೇ ಹೋಗಲಿ, ಹಿಂದೆಲ್ಲ ಹೋಗುತ್ತಿರಲಿಲ್ಲವೇ ಎಂದರು. ಹೋಗುತ್ತಿದ್ದೆವು, ವಾಪಸ್ ಬಾರದವರ ಹೆಸರು ಹೇಳಲೇ ಎಂದೆ. ಮೆಲ್ಲಗೇ ಹೇಳಿದೆ. ಬೇಡ ಎಂದರು. ಏಕಾಂತಮ್ಮ ಹೊಸ ಸೆಲ್ ಹಾಕಿದ ಮೇಲೆ ಇಳಿದರು.

ಕಾಟಯ್ಯ ಮನೆಗೆ ಬಂದಿದ್ದಾನೆ. ಅವನ ಕಣ್ಣಿಗೆ ಔಷಧಿ ಬಿಡಲು ದುರುಗಕ್ಕನಿಗೆ ಧೈರ್ಯ ಸಾಲದಂತೆ. ಪಾಳಿ ಮುಗಿದ ಮೇಲೆ ನಾನು ಹೋಗಿ ಬಿಡುತ್ತೇನೆ. ಬೈಯುತ್ತಾನೆ. ಬೈಯಲಿ.

8 ಮೇ, ಸೋಮವಾರ

ಇವತ್ತು ಕಾಟಯ್ಯನ ಪರೀಕ್ಷೆ. ಬಲಗಣ್ಣಿನಿಂದ ಪೆಟ್ಟಿಗೆಯ ಮುಳ್ಳು ಓದಿದರೆ ಕೆಳಗಿನ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಮ್ಯಾನೇಜರು ಮೊದಲೇ ಹೇಳಿದ್ದರು. ದೀಪದ ಕೋಣೆಯಲ್ಲೇ ಮಾಡಿದರು. ಬೆಳಕು ಕೆಳಗೆ ಇರುವಷ್ಟೇ ಇರಲಿ ಎಂದು ಕಿಟಕಿ ಮುಚ್ಚಿ ಒಂದು ತಲೆದೀಪ ಹಚ್ಚಿದರು. ಏಕಾಂತಮ್ಮ ಪೆಟ್ಟಿಗೆ ಹಿಡಿದು ಎದುರು ನಿಂತಳು, ನಾನು ಅವಳ ಪಕ್ಕದಲ್ಲಿ ನಿಂತೆ. ಮ್ಯಾನೇಜರು ಬಾಗಿಲ ಹತ್ತಿರ. ದುರುಗಕ್ಕ ಒಳಗೆ ಬರಲಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು.

ಕಾಟಯ್ಯ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಕತ್ತನ್ನು ಮುಂದಕ್ಕೆ ಚಾಚಿದ. ಹಣೆಯಲ್ಲಿ ಬೆವರು ಒಡೆಯಿತು. ಆ ಕಣ್ಣಿನಲ್ಲಿ ನೀರು ತುಂಬಿತು, ರೆಪ್ಪೆ ಬಡಿದ. ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. ನಾನು ಬಾಯಿಬಿಡಬೇಕೆಂದಿದ್ದೆ, ಏಕಾಂತಮ್ಮ ತಿರುಗದೆಯೇ ತಲೆ ಅಲ್ಲಾಡಿಸಿದಳು.

"ಮುಳ್ಳು ಹಸಿರಿನಾಗೈತೆ" ಎಂದ. "ಕೆಂಪಿನ ಗೀಟಿಗೆ ಎರಡು ಮನೆ ಮೇಲೆ."

ಮ್ಯಾನೇಜರು ಏಕಾಂತಮ್ಮನ ಕಡೆ ನೋಡಿದರು.

"ಇನ್ನೂ ಹೇಳ್ಲಾ? ಜುಂಜನ ಮೀಸೆಯಾಗೆ ಉಪ್ಪಿಟ್ಟು ಐತೆ."

ಏಕಾಂತಮ್ಮ ಪೆಟ್ಟಿಗೆಯನ್ನು ದೀಪದ ಹತ್ತಿರ ಹಿಡಿದು ನೋಡಿದಳು. ಆಮೇಲೆ ನನ್ನ ಮೀಸೆ ನೋಡಿದಳು.

"ಎರಡೂ ಸರಿ ಐತೆ ಸಾರ್" ಎಂದಳು, ಮ್ಯಾನೇಜರಿಗೆ.